ಗ್ರಂಥಾಲಯದ ಮೊಬೈಲನ್ನು ಕೆಲಸಕ್ಕೆ ಹಚ್ಚುವ ಬಗೆ

ಉಡುಪಿಯ ಆಸುಪಾಸಿನ ಒಂದು ಸಣ್ಣ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ, ಹಿಂದಕ್ಕೆ ಪಡೆಯುವ ಕೆಲಸವನ್ನು ಹಲವು ವರ್ಷಗಳಿಂದ ಮಾಡಿಕೊಂಡು ಬಂದಿರುವ ನನಗೆ ವಾಟ್ಸ್‌ಆ್ಯಪ್, ಗೂಗಲ್ ಫಾರ್ಮ್, ವಿಕಿಪೀಡಿಯ ಮೊದಲಾದವುಗಳನ್ನು ಗ್ರಂಥಾಲಯದ ಕೆಲಸಕ್ಕೆ ಹೇಗೆ ಬಳಸಬೇಕೆಂದು ಯಾರೂ ಕ್ರಮವಾಗಿ ಕಲಿಸಿದ್ದಿಲ್ಲ. ಒಂದು ದಿನದ ತರಬೇತಿಗಳಿಗೆ ಹೋಗಿದ್ದೇನೆ. ಬೆಳಗ್ಗೆ ಉದ್ಘಾಟನೆ, ಮಧ್ಯಾಹ್ನ ಊಟ, ಊಟದ ನಂತರ ಪರದೆಯ ಮೇಲೆ ಓಡುವ ಚಿತ್ರಗಳು. ಬಸ್ಸು ಹತ್ತಿ ಊರು ಸೇರುವಷ್ಟರಲ್ಲಿ ಅರ್ಧ ಮರೆತಿರುತ್ತಿತ್ತು. ನಿಜವಾಗಿ ಕಲಿತದ್ದು ಒಂದೊಂದೇ ಸಾಧನವನ್ನು ಕೈಗೆತ್ತಿಕೊಂಡು, ಎಡವಿ, ಎಡವಿದ್ದನ್ನು ಹಳೆಯ ರಿಜಿಸ್ಟರಿನ ಖಾಲಿ ಹಾಳೆಗಳಲ್ಲಿ ಬರೆದಿಟ್ಟುಕೊಂಡ ಮೇಲೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಾದ ಅರಿವು ಕೇಂದ್ರಗಳ ಮೇಲ್ವಿಚಾರಕರಿಗೂ, ಶಾಲೆ ಕಾಲೇಜುಗಳ ಗ್ರಂಥಾಲಯಗಳಲ್ಲಿ ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳುವವರಿಗೂ ಆ ಹಾಳೆಗಳು ಉಪಯೋಗಕ್ಕೆ ಬರಬಹುದೆಂದು ಅವುಗಳ ಸಾರವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಈ ಬಗೆಯ ಕಲಿಕೆ ಹೊಸದೇನಲ್ಲ. ಅಮೆರಿಕದ ಉತ್ತರ ಕ್ಯಾರೊಲಿನಾದ ಷಾರ್ಲಟ್ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಹೆಲೆನ್ ಬ್ಲೋವರ್ಸ್ ಅವರು 2006ರಲ್ಲಿ ಸಿಬ್ಬಂದಿಗಾಗಿ 23 ಸಣ್ಣ ಕೆಲಸಗಳ ಒಂದು ಪಟ್ಟಿಯನ್ನು ರೂಪಿಸಿದರು. ಒಂಬತ್ತು ವಾರಗಳಲ್ಲಿ ಅವನ್ನು ತಮ್ಮಷ್ಟಕ್ಕೆ ತಾವೇ ಮಾಡಿ ಮುಗಿಸಿ, ಪ್ರತಿಯೊಂದರ ಬಗ್ಗೆಯೂ ತಮಗನಿಸಿದ್ದನ್ನು ಬರೆದವರಿಗೆ ಹಾಡು ಕೇಳುವ ಒಂದು ಎಂಪಿ3 ಪ್ಲೇಯರ್ ಬಹುಮಾನ. ಆ ಪಟ್ಟಿಯನ್ನು ಆಮೇಲೆ ಹಲವು ದೇಶಗಳ ಗ್ರಂಥಾಲಯಗಳು ತಮಗೆ ಬೇಕಾದಂತೆ ತಿದ್ದಿಕೊಂಡವು. ಈಗ ಅದನ್ನು ತೆರೆದು ನೋಡಿದರೆ ಅದರಲ್ಲಿದ್ದ ಅನೇಕ ತಾಣಗಳು ಇಲ್ಲವಾಗಿವೆ. ಪುಟಗಳ ಕೊಂಡಿಗಳನ್ನು ಕೂಡಿಡಲು ಬಳಸುತ್ತಿದ್ದ ಡೆಲಿಷಿಯಸ್ 2017ರಲ್ಲಿ ನಿಂತಿತು. ಪಟ್ಟಿಯ ಆಚೆಗೂ ಇದೇ ಕತೆ: ಬೇರೆ ಬೇರೆ ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ಓದಲು ಬಹಳ ಮಂದಿ ನೆಚ್ಚಿಕೊಂಡಿದ್ದ ಗೂಗಲ್ ರೀಡರ್ 2013ರಲ್ಲಿ, ಫೇಸ್‌ಬುಕ್ಕಿನಂಥದ್ದೇ ಜಾಲತಾಣವಾಗಿದ್ದ ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿದವು. ಹಾಗಾಗಿ ಯಾವ ಗುಂಡಿ ಎಲ್ಲಿದೆ ಎಂಬುದನ್ನು ಕಲಿತು ಪ್ರಯೋಜನ ಕಡಿಮೆ. ಗುಂಡಿಯ ಜಾಗ ಮುಂದಿನ ಅಪ್‌ಡೇಟಿನಲ್ಲಿ ಬದಲಾಗುತ್ತದೆ. ಒಂದು ಸಾಧನ ನಮ್ಮ ಓದುಗರ ಯಾವ ತೊಂದರೆಯನ್ನು ಕಳೆಯಿತು, ಯಾವ ಹೊಸ ತೊಂದರೆಯನ್ನು ತಂದಿತು ಎಂದು ಪರೀಕ್ಷಿಸುವ ಅಭ್ಯಾಸವನ್ನು ರೂಢಿಸಿಕೊಂಡವರಿಗೆ ನಾಳೆ ಬರುವ ಸಾಧನವೂ ಕಷ್ಟವಾಗುವುದಿಲ್ಲ.

ಮೊದಲು ಒಂದು ವಾರ ಪ್ರಶ್ನೆಗಳನ್ನು ಬರೆದಿಡಿ

ಮೊಬೈಲಿಗೆ ಕೈ ಹಾಕುವ ಮುನ್ನ ಒಂದು ನೋಟು ಪುಸ್ತಕವನ್ನು ಮೇಜಿನ ಮೇಲಿಡಿ. ಒಂದು ವಾರ ಕಾಲ ಬಂದವರು, ಫೋನ್ ಮಾಡಿದವರು ಕೇಳಿದ ಪ್ರತಿಯೊಂದು ಪ್ರಶ್ನೆಯನ್ನೂ ಅವರ ಮಾತಿನಲ್ಲೇ ಬರೆಯಿರಿ. ನನ್ನ ನೋಟು ಪುಸ್ತಕದಲ್ಲಿ ಸೇರಿದ್ದು ಇಂಥವು: ‘ಜಿಲ್ಲಾಧಿಕಾರಿಗಳು ಮಳೆಗೆ ರಜೆ ಕೊಟ್ಟಿದ್ದಾರಲ್ಲ, ನಿಮ್ಮದು ತೆರೆದುಂಟಾ?’, ‘ಪಿಡಿಒ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ಉಂಟಾ?’, ‘ನಾನು ಕೊಂಡುಹೋದ ಪುಸ್ತಕ ಯಾವತ್ತು ತಂದು ಕೊಡಬೇಕು?’, ‘ಕಳೆದ ಸಲ ಹೇಳಿದ ಪ್ರಸಂಗ ಪುಸ್ತಕ ಬಂತಾ?’. ವಾರದ ಕೊನೆಯಲ್ಲಿ ಎಣಿಸಿ ನೋಡಿದಾಗ ಅರ್ಧಕ್ಕಿಂತ ಹೆಚ್ಚಿನವು ಪುಸ್ತಕದ ಒಳಗಿನ ವಿಷಯಕ್ಕೆ ಸಂಬಂಧಿಸಿದವಾಗಿರಲಿಲ್ಲ. ತೆರೆದಿದೆಯೇ, ಇದೆಯೇ, ಯಾವಾಗ ಎಂಬ ಮೂರು ಪ್ರಶ್ನೆಗಳೇ ವೇಷ ಬದಲಿಸಿ ಬರುತ್ತಿದ್ದವು. ಓದುಗರ ಸಮಯವನ್ನು ಉಳಿಸಬೇಕು ಎಂದು ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯಗಳಿಗಾಗಿ ಬರೆದ ತಮ್ಮ ಐದು ಸೂತ್ರಗಳಲ್ಲಿ ನಾಲ್ಕನೆಯದಾಗಿ ಹೇಳಿದ್ದಾರೆ. ಬ್ರಹ್ಮಾವರದಿಂದ ಬಸ್ಸಿನಲ್ಲಿ ಬಂದು ಬಾಗಿಲಿಗೆ ಬೀಗ ಕಂಡು ಹಿಂದಿರುಗಿದ ಓದುಗನೊಬ್ಬನ ಸಮಯವನ್ನು ಉಳಿಸುವುದಕ್ಕೆ ಕೃತಕ ಬುದ್ಧಿಮತ್ತೆ ಬೇಕಾಗಿಲ್ಲ, ಬೆಳಗ್ಗೆ ಎಂಟು ಗಂಟೆಗೆ ಒಂದು ಸಾಲಿನ ಸಂದೇಶ ಸಾಕು.

ಈ ಪಟ್ಟಿಯಲ್ಲಿ ಮೇಲಿರುವ ಮೂರು ಪ್ರಶ್ನೆಗಳನ್ನು ಮಾತ್ರ ಆರಿಸಿಕೊಳ್ಳಿ. ಪ್ರತಿ ಪ್ರಶ್ನೆಗೆ ಒಂದು ಸಾಧನ, ಪ್ರತಿ ಸಾಧನಕ್ಕೆ ಹದಿನೈದು ದಿನ. ಎರಡನ್ನು ಒಟ್ಟಿಗೆ ಆರಂಭಿಸಿದರೆ ಯಾವುದರಿಂದ ಯಾವ ಫಲ ಬಂತೆಂದು ತಿಳಿಯುವುದೇ ಇಲ್ಲ.

ಖಾತೆ ಗ್ರಂಥಾಲಯದ ಹೆಸರಿನಲ್ಲಿರಲಿ

ಸ್ವಂತ ನಂಬರಿನಿಂದ ಆರಂಭಿಸುವುದು ಸುಲಭ, ಅದರಿಂದ ಬಿಡಿಸಿಕೊಳ್ಳುವುದು ಕಷ್ಟ. ರಾತ್ರಿ ಹನ್ನೊಂದಕ್ಕೆ ‘ನಾಳೆ ಉಂಟಾ?’ ಎಂಬ ಸಂದೇಶ ಬಂದಾಗ ಇದು ಅರ್ಥವಾಗುತ್ತದೆ. ವರ್ಗಾವಣೆಯಾದಾಗಲಂತೂ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಆದ್ದರಿಂದ ಗ್ರಂಥಾಲಯಕ್ಕೆಂದು ಒಂದು ಪ್ರತ್ಯೇಕ ಸಿಮ್ ಪಡೆಯಿರಿ, ಅದರ ರೀಚಾರ್ಜಿನ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಆ ನಂಬರಿನಿಂದ ಒಂದು ಗೂಗಲ್ ಖಾತೆ, ಒಂದು ವಾಟ್ಸ್‌ಆ್ಯಪ್ ಬಿಸಿನೆಸ್ ಖಾತೆ ತೆರೆಯಿರಿ. ವಾಟ್ಸ್‌ಆ್ಯಪಿನ ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ, ಆರು ಅಂಕಿಯ ಪಿನ್ ಇಡಿ. ಒಟಿಪಿಯನ್ನು ಯಾರು ಕೇಳಿದರೂ ಕೊಡಬಾರದೆಂದು ಬದಲಿ ಕೆಲಸಕ್ಕೆ ಬರುವವರಿಗೂ ತಿಳಿಸಿ. ಪಾಸ್‌ವರ್ಡುಗಳನ್ನು ಕಾಗದದಲ್ಲಿ ಬರೆದು ಲಕೋಟೆಯಲ್ಲಿ ಅಂಟಿಸಿ, ಸ್ಟಾಕ್ ರಿಜಿಸ್ಟರ್ ಇರುವ ಕಪಾಟಿನಲ್ಲೇ ಬೀಗ ಹಾಕಿಡಿ. ಇದು ಹಳೆಯ ಕಾಲದ ಕ್ರಮ ಎನಿಸಬಹುದು. ಆದರೆ ಅಧಿಕಾರ ಹಸ್ತಾಂತರದ ದಿನ ಕಪಾಟಿನ ಕೀಲಿಕೈ ಕೊಡುವುದನ್ನು ಯಾರೂ ಮರೆಯುವುದಿಲ್ಲ, ಪಾಸ್‌ವರ್ಡ್ ಹೇಳುವುದನ್ನು ಎಲ್ಲರೂ ಮರೆಯುತ್ತಾರೆ.

ಫೇಸ್‌ಬುಕ್ ಪುಟವನ್ನು ತೆರೆಯುವುದಾದರೆ ಅದು ಯಾರಾದರೊಬ್ಬರ ಸ್ವಂತ ಖಾತೆಗೆ ಅಂಟಿಕೊಂಡಿರುತ್ತದೆ ಎಂಬುದು ನೆನಪಿರಲಿ. ಕನಿಷ್ಠ ಇಬ್ಬರನ್ನು ಅಡ್ಮಿನ್ ಮಾಡಿ. ಎರಡು ವರ್ಷ ಯಾರೂ ಬಳಸದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು, ಅದರಲ್ಲಿಟ್ಟಿದ್ದ ಪುಸ್ತಕ ಪಟ್ಟಿಯ ಸಹಿತ.

ಕನ್ನಡದ ಅಕ್ಷರ ಸರಿಯಾಗಿದೆಯೇ ನೋಡಿಕೊಳ್ಳಿ

ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋದವರು ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ, ನಾನೂ ಬಂದಿದ್ದೇನೆ. ನಮ್ಮಲ್ಲಿ ಪುಸ್ತಕಗಳ ಪಟ್ಟಿಯೊಂದು ಕಂಪ್ಯೂಟರಿನಲ್ಲಿ ಮೊದಲೇ ಇತ್ತು, ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದು. ಸಂತೋಷದಿಂದ ಅದನ್ನು ಪ್ರತಿ ಮಾಡಿ ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿದೆ. ಓದುಗರ ಮೊಬೈಲುಗಳಲ್ಲಿ ಕಂಡದ್ದು ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟುಗಳ ಕಲಸುಮೇಲೋಗರ. ಹಳೆಯ ನುಡಿ, ಬರಹ ಫಾಂಟುಗಳು ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರಕ್ಕೆ ಅದು ಕನ್ನಡವೇ ಅಲ್ಲ, ಹುಡುಕಿದರೂ ಸಿಗುವುದಿಲ್ಲ. ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತಗಳ ಕ್ರಮವಾದ ಯುನಿಕೋಡಿನಲ್ಲಿ ಕನ್ನಡಕ್ಕೆ ಅದರದ್ದೇ ಜಾಗವಿದೆ.

ಹಾಗಾಗಿ ಇರುವ ಪಟ್ಟಿಯನ್ನು ಪರಿವರ್ತಕದ ಮೂಲಕ ಯುನಿಕೋಡಿಗೆ ತನ್ನಿ. ನಂತರ ಮೂರು ವಿಷಯಗಳನ್ನು ಕಣ್ಣಿನಿಂದಲೇ ಪರೀಕ್ಷಿಸಬೇಕು. ಮೊದಲನೆಯದು ಅರ್ಕಾವತ್ತು ಮತ್ತು ಒತ್ತಕ್ಷರಗಳು: ‘ಕರ್ನಾಟಕ’, ‘ಶಾಸ್ತ್ರ’, ‘ಸೂರ್ಯ’ ಎಂಬಂಥ ಪದಗಳನ್ನು ಹುಡುಕಿ ನೋಡಿದರೆ ಪರಿವರ್ತನೆಯ ಗುಣ ಗೊತ್ತಾಗುತ್ತದೆ. ಎರಡನೆಯದು ಅಂಕಿಗಳು: ಪುಸ್ತಕದ ಸಂಖ್ಯೆಯನ್ನು ಕನ್ನಡ ಅಂಕಿಯಲ್ಲಿ ಹಾಕಿದರೆ ಗೂಗಲ್ ಶೀಟ್ಸ್ ಅದನ್ನು ಪದವೆಂದು ತಿಳಿಯುತ್ತದೆ, ಕ್ರಮವಾಗಿ ಜೋಡಿಸುವುದಿಲ್ಲ, ಕೂಡಿಸುವುದಿಲ್ಲ. ಕನ್ನಡ ಅಂಕಿಯ ಮೇಲೆ ನನಗೂ ಅಭಿಮಾನವಿದೆ, ಆದರೂ ಈ ಒಂದು ಕಾಲಮ್ಮಿನಲ್ಲಿ ಅದನ್ನು ಬದಿಗಿಡಿ. ಮೂರನೆಯದು ಲೇಖಕರ ಹೆಸರು. ನಮ್ಮ ಪಟ್ಟಿಯಲ್ಲಿ ಕೋಟದ ಕಾರಂತರೊಬ್ಬರೇ ‘ಶಿವರಾಮ ಕಾರಂತ’, ‘ಕೆ. ಶಿವರಾಮ ಕಾರಂತ’, ‘ಡಾ. ಕೋಟ ಶಿವರಾಮ ಕಾರಂತ’, ‘ಕಾರಂತ ಶಿವರಾಮ’ ಎಂದು ನಾಲ್ಕು ಜನರಾಗಿದ್ದರು. ಒಂದು ರೂಪವನ್ನು ತೀರ್ಮಾನಿಸಿ ಎಲ್ಲೆಡೆ ಅದನ್ನೇ ಇಡಿ. ಬೇಸರದ ಕೆಲಸ ನಿಜ, ಮಳೆಗಾಲದಲ್ಲಿ ಓದುಗರು ಕಡಿಮೆಯಿರುವ ಮಧ್ಯಾಹ್ನಗಳಿಗೆ ಹೇಳಿ ಮಾಡಿಸಿದ್ದು.

ಟೈಪ್ ಮಾಡುವುದೇ ಕಷ್ಟವಾದವರಿಗೆ ಮೊಬೈಲಿನ ಕೀಲಿಮಣೆಯಲ್ಲಿ ಮೈಕಿನ ಗುರುತನ್ನು ಒತ್ತಿ ಕನ್ನಡದಲ್ಲಿ ಮಾತನಾಡಿದರೆ ಅಕ್ಷರವಾಗಿ ಮೂಡುತ್ತದೆ. ಕೈಗೆ ಸಿಕ್ಕಿದ ಅಚ್ಚಿನ ಪಟ್ಟಿಯ ಫೋಟೋವನ್ನು ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸಿನಲ್ಲಿ ತೆರೆದರೆ ಅದು ಕನ್ನಡ ಪಠ್ಯವನ್ನು ಓದಿ ಕೊಡುತ್ತದೆ, ತಿದ್ದಿಕೊಳ್ಳಬೇಕು ಅಷ್ಟೇ. ತುಳು ಪುಸ್ತಕಗಳ ಹೆಸರುಗಳನ್ನು ನಾವು ಕನ್ನಡ ಲಿಪಿಯಲ್ಲೇ ಹಾಕಿದ್ದೇವೆ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡಿಗೆ ಸೇರಿದೆಯಾದರೂ ಓದುಗರ ಮೊಬೈಲುಗಳಲ್ಲಿ ಅದರ ಫಾಂಟು ಬರುವವರೆಗೆ ಪಟ್ಟಿಯಲ್ಲಿ ಅದನ್ನು ಬಳಸುವುದು ಸಾಧ್ಯವಾಗದು.

ವಾಟ್ಸ್‌ಆ್ಯಪ್: ಗುಂಪು ಮಾಡುವ ಮುನ್ನ ಯೋಚಿಸಿ

ನಾನು ಮಾಡಿದ ಅತಿ ದೊಡ್ಡ ತಪ್ಪು ಇಲ್ಲಿಯದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸದಸ್ಯತ್ವದ ಅರ್ಜಿಗಳಲ್ಲಿದ್ದ ಫೋನ್ ನಂಬರುಗಳನ್ನೆಲ್ಲ ತೆಗೆದು ಒಂದೇ ಸಂಜೆ ಒಂದು ಗುಂಪು ಮಾಡಿದೆ. ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಮೊದಲ ಮೂರು ದಿನ ಶುಭೋದಯದ ಹೂವುಗಳು, ನಾಲ್ಕನೇ ದಿನ ರಾಜಕೀಯ, ಐದನೇ ದಿನ ಯಾರದೋ ಬಾಡಿಗೆ ಮನೆಯ ಜಾಹೀರಾತು. ಅದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಆದರೆ ಎರಡು ವಾರಗಳ ನಂತರ ಪದವಿ ಓದುತ್ತಿದ್ದ ಹುಡುಗಿಯೊಬ್ಬಳು ಬಂದು, ‘ಅಕ್ಕ, ಗುಂಪಿನಿಂದ ನನ್ನ ನಂಬರ್ ತೆಗೆದು ಯಾರೋ ಮೆಸೇಜ್ ಮಾಡುತ್ತಾ ಇದ್ದಾರೆ’ ಎಂದಳು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರತಿಯೊಬ್ಬರ ನಂಬರ್ ಉಳಿದ ಎಲ್ಲರಿಗೂ ಕಾಣಿಸುತ್ತದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ, ಅದರ ಅರ್ಥವೇನೆಂದು ಮಾತ್ರ ಆ ತನಕ ಯೋಚಿಸಿರಲಿಲ್ಲ. ಅಡ್ಮಿನ್ ಮಾತ್ರ ಬರೆಯುವಂತೆ ಗುಂಪಿಗೆ ಬೀಗ ಹಾಕಿದರೂ ನಂಬರುಗಳು ಕಾಣುತ್ತಲೇ ಇರುತ್ತವೆ. ಅದೇ ದಿನ ಆ ಗುಂಪನ್ನು ಮುಚ್ಚಿದೆ.

ಅದಕ್ಕೂ ಮೊದಲೇ ಇನ್ನೊಂದು ಪ್ರಮಾದವಾಗಿತ್ತು. ಗಡುವು ದಾಟಿದ ಪುಸ್ತಕಗಳ ಪಟ್ಟಿಯನ್ನು ಹೆಸರು ಸಮೇತ ಗುಂಪಿನಲ್ಲಿ ಹಾಕಿದ್ದೆ. ನಿವೃತ್ತ ಮಾಷ್ಟ್ರೊಬ್ಬರು ಮರುದಿನವೇ ಪುಸ್ತಕ ತಂದು ಮೇಜಿನ ಮೇಲಿಟ್ಟರು, ಒಂದು ಮಾತೂ ಆಡದೆ ಹೋದರು, ನಾಲ್ಕು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಯಾರು ಯಾವ ಪುಸ್ತಕ ಕೊಂಡುಹೋದರು ಎಂಬುದು ಓದುಗ ಮತ್ತು ಗ್ರಂಥಾಲಯದ ನಡುವಿನ ವಿಷಯ. ಕಾಯಿಲೆಯ ಬಗ್ಗೆ, ಸಾಲದ ಬಗ್ಗೆ, ವಿಚ್ಛೇದನದ ಕಾನೂನಿನ ಬಗ್ಗೆ ಓದುವವರಿರುತ್ತಾರೆ.

ಈಗ ನಾವು ಅನುಸರಿಸುವ ಕ್ರಮ ಹೀಗಿದೆ. ತೆರೆಯುವ ಸಮಯ, ರಜೆ, ಹೊಸ ಪುಸ್ತಕಗಳಂಥ ಎಲ್ಲರಿಗೂ ಹೇಳುವ ಮಾತಿಗೆ ವಾಟ್ಸ್‌ಆ್ಯಪ್ ಚಾನೆಲ್ ಇದೆ. ಅದನ್ನು ಹಿಂಬಾಲಿಸುವವರ ನಂಬರ್ ಇತರ ಹಿಂಬಾಲಕರಿಗೆ ಕಾಣುವುದಿಲ್ಲ, ಹರಟೆಗೂ ಎಡೆಯಿಲ್ಲ. ಸಣ್ಣ ಗ್ರಂಥಾಲಯಕ್ಕೆ ಬ್ರಾಡ್‌ಕಾಸ್ಟ್ ಪಟ್ಟಿಯೂ ಆಗುತ್ತದೆ: ಒಂದು ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು, ಪ್ರತಿಯೊಬ್ಬರಿಗೂ ಅದು ಪ್ರತ್ಯೇಕ ಸಂದೇಶದಂತೆ ತಲುಪುತ್ತದೆ. ಆದರೆ ನಮ್ಮ ನಂಬರನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ಹೋಗುತ್ತದೆ. ಇದನ್ನು ತಿಳಿಯದೆ ಒಂದು ತಿಂಗಳು ಗೋಡೆಗೆ ಮಾತನಾಡಿದಂತೆ ಸಂದೇಶ ಕಳುಹಿಸುತ್ತಿದ್ದೆ. ಸದಸ್ಯತ್ವದ ಅರ್ಜಿ ತುಂಬುವ ಹೊತ್ತಿನಲ್ಲೇ ‘ಗ್ರಂಥಾಲಯದ ನಂಬರನ್ನು ಸೇವ್ ಮಾಡಿಕೊಳ್ಳಿ’ ಎಂದು ಎದುರಿಗೇ ಮಾಡಿಸುವುದು ಒಳ್ಳೆಯದು. ಗಡುವಿನ ನೆನಪು, ಕಾಯ್ದಿರಿಸಿದ ಪುಸ್ತಕ ಬಂದ ಸುದ್ದಿಗಳು ವೈಯಕ್ತಿಕ ಸಂದೇಶವಾಗಿ ಮಾತ್ರ ಹೋಗಬೇಕು. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಸಿದ್ಧ ಉತ್ತರಗಳನ್ನು ಇಟ್ಟುಕೊಳ್ಳಬಹುದು, ಮುಚ್ಚಿದ ಹೊತ್ತಿನಲ್ಲಿ ತಾನಾಗಿ ಹೋಗುವ ಸಂದೇಶವನ್ನೂ ಬರೆದಿಡಬಹುದು. ರಾತ್ರಿ ಹನ್ನೊಂದರ ‘ನಾಳೆ ಉಂಟಾ?’ಕ್ಕೆ ಈಗ ಯಂತ್ರವೇ ಸಮಯ ಹೇಳುತ್ತದೆ.

ಒಪ್ಪಿಗೆಯ ವಿಷಯವನ್ನು ಲಘುವಾಗಿ ಕಾಣಬೇಡಿ. ಸದಸ್ಯತ್ವದ ಅರ್ಜಿಯಲ್ಲಿ ‘ಗ್ರಂಥಾಲಯದ ಸಂದೇಶಗಳನ್ನು ಈ ನಂಬರಿಗೆ ಕಳುಹಿಸಬಹುದು’ ಎಂಬ ಒಂದು ಸಾಲು, ಅದರ ಮುಂದೆ ಸಹಿಗೆ ಜಾಗ ಇರಲಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಗಾಗಿ 2023ರಲ್ಲಿ ಬಂದ ಕೇಂದ್ರದ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸಿ ಹೆತ್ತವರ ಸಮ್ಮತಿಯನ್ನು ಕೇಳುತ್ತದೆ. ಹಾಗಾಗಿ ಮಕ್ಕಳ ವಿಭಾಗದ ಸದಸ್ಯರಿಗೆ ಹೆತ್ತವರ ನಂಬರಿಗೇ ಸಂದೇಶ ಹೋಗುವುದು ಸರಿ. ಬೇಸಿಗೆ ಶಿಬಿರದಲ್ಲಿ ಮಕ್ಕಳ ಫೋಟೋ ತೆಗೆದು ಹಾಕುವ ಉತ್ಸಾಹಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಪಟ್ಟಿಯನ್ನು ತೆರೆದಿಡುವುದು

‘ಇದೆಯೇ’ ಎಂಬ ಪ್ರಶ್ನೆಗೆ ಉತ್ತರ ಹುಡುಕಬಲ್ಲ ಪಟ್ಟಿ. ದೊಡ್ಡ ಕಾಲೇಜುಗಳಲ್ಲಿ ಪುಸ್ತಕಗಳ ಪಟ್ಟಿ, ಎರವಲಿನ ಲೆಕ್ಕ ಎಲ್ಲವನ್ನೂ ನೋಡಿಕೊಳ್ಳುವ ಇ-ಗ್ರಂಥಾಲಯ ಅಥವಾ ಕೊಹಾ ತಂತ್ರಾಂಶ ಇರುತ್ತದೆ. ಕೊಹಾ ನ್ಯೂಜಿಲೆಂಡಿನ ಒಂದು ಸಣ್ಣ ಊರಿನ ಗ್ರಂಥಾಲಯದ ಅಗತ್ಯಕ್ಕಾಗಿ ಹುಟ್ಟಿದ, ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶ ಎಂಬುದನ್ನು ತಿಳಿದಾಗ ನನಗೆ ಯಾಕೋ ಸಮಾಧಾನವಾಗಿತ್ತು. ಒಬ್ಬರೇ ಇರುವ ಕಡೆ ಅಷ್ಟೆಲ್ಲ ಬೇಡ. ಶೀರ್ಷಿಕೆ, ಲೇಖಕ, ವಿಷಯ, ಕಪಾಟಿನ ಸಂಖ್ಯೆ ಎಂಬ ನಾಲ್ಕು ಕಾಲಮ್ಮುಗಳ ಗೂಗಲ್ ಶೀಟ್ ಸಾಕು. ಎಲ್ಲರೂ ನೋಡಬಹುದು, ತಿದ್ದುವ ಹಕ್ಕು ನಮಗೆ ಮಾತ್ರ ಎಂದು ಹಂಚಿಕೆಯ ನಿಯಮವನ್ನು ಹೊಂದಿಸಿ, ನಂತರ ಬೇರೆಯವರ ಮೊಬೈಲಿನಲ್ಲಿ ತೆರೆದು ನೋಡಿ ಖಾತ್ರಿ ಮಾಡಿಕೊಳ್ಳಿ. ಎರವಲು ಪಡೆದವರ ಹೆಸರು ಅದೇ ಕಡತದ ಇನ್ನೊಂದು ಹಾಳೆಯಲ್ಲೂ ಇರಬಾರದು. ಹಾಳೆಯನ್ನು ಮರೆಮಾಡಿದ ಮಾತ್ರಕ್ಕೆ ಅದು ಗುಟ್ಟಾಗುವುದಿಲ್ಲ.

ಪುಸ್ತಕ ತರಿಸಿಕೊಡಿ ಎಂಬ ಬೇಡಿಕೆಗಳಿಗೆ ಗೂಗಲ್ ಫಾರ್ಮ್ ಮಾಡಿದೆವು. ಮೊದಲ ಫಾರ್ಮಿನಲ್ಲಿ ಹನ್ನೊಂದು ಪ್ರಶ್ನೆಗಳಿದ್ದವು, ಪ್ರಕಾಶಕರು ಯಾರು, ಬೆಲೆ ಎಷ್ಟು ಎಂಬುದನ್ನೂ ಸೇರಿಸಿ. ತುಂಬಿದವರು ಬೆರಳೆಣಿಕೆಯಷ್ಟು. ಎರಡೇ ಪ್ರಶ್ನೆಗಳಿಗೆ ಇಳಿಸಿದ ಮೇಲೆ ಬೇಡಿಕೆಗಳು ಬರತೊಡಗಿದವು. ಪ್ರಕಾಶಕರನ್ನು ಹುಡುಕುವುದು ನಮ್ಮ ಕೆಲಸ, ಓದುಗರದ್ದಲ್ಲ.

ಪಟ್ಟಿಗೂ ಫಾರ್ಮಿಗೂ ಕ್ಯೂಆರ್ ಕೋಡ್ ಮಾಡಿ ಬಾಗಿಲ ಬಳಿ ಹಚ್ಚಿ. ಇಲ್ಲಿ ಎರಡು ಎಚ್ಚರಿಕೆ ಬೇಕು. ಉಚಿತವೆಂದು ಹೇಳಿಕೊಳ್ಳುವ ಕೆಲವು ತಾಣಗಳು ಕೊಡುವ ಕೋಡು ಅವರ ತಾಣದ ಮೂಲಕವೇ ಹಾದುಹೋಗುತ್ತದೆ, ಕೆಲವು ದಿನಗಳ ನಂತರ ಹಣ ಕೇಳಿ ನಿಂತುಬಿಡುತ್ತದೆ. ಕ್ರೋಮ್ ಬ್ರೌಸರಿನಲ್ಲಿ ಪುಟವನ್ನು ಹಂಚಿಕೊಳ್ಳುವ ಆಯ್ಕೆಯೊಳಗೇ ಕೋಡು ಮಾಡುವ ಸೌಲಭ್ಯವಿದೆ, ಅದು ನೇರವಾಗಿ ನಮ್ಮ ಪುಟಕ್ಕೇ ಹೋಗುತ್ತದೆ. ಇನ್ನೊಂದು ನಮ್ಮ ಕರಾವಳಿಯದ್ದೇ ಸಮಸ್ಯೆ: ಮಳೆಗಾಲದ ಆಟಿ ತಿಂಗಳಿನ ತೇವಕ್ಕೆ ಗೋಡೆಯ ಕಾಗದ ಬೂಸ್ಟು ಹಿಡಿದು ಕೋಡು ಓದಲಾಗದಂತಾಗುತ್ತದೆ. ಲ್ಯಾಮಿನೇಷನ್ ಮಾಡಿಸಿ, ಅಂಚನ್ನು ಕತ್ತರಿಸದೆ ಬಿಡಿ.

ಫೋಟೋ, ಹಕ್ಕುಸ್ವಾಮ್ಯ, ವಿಕಿಪೀಡಿಯ

ಇನ್‌ಸ್ಟಾಗ್ರಾಂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪದವಿ ಕಾಲೇಜಿನ ಗ್ರಂಥಾಲಯವಾದರೆ ವಿದ್ಯಾರ್ಥಿಗಳಲ್ಲೇ ಇಬ್ಬರಿಗೆ ಅದನ್ನು ವಹಿಸಬಹುದು. ನಮ್ಮಂಥವರಿಗೆ ದಿನವೂ ರೀಲ್ಸ್ ಮಾಡುವ ಪುರುಸೊತ್ತು ಇಲ್ಲ. ನಮ್ಮಲ್ಲಿ ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಹೊಸ ಪುಸ್ತಕಗಳ ಹೆಸರು ಬರೆಯುವ ರೂಢಿ ಮೊದಲಿನಿಂದಲೂ ಇದೆ. ಆ ಹಲಗೆಯ ಫೋಟೋ ತೆಗೆದು ಚಾನೆಲ್ಲಿಗೆ ಹಾಕುತ್ತೇನೆ. ಬರೆಯುವುದು ಒಂದು ಸಲ, ತಲುಪುವುದು ಎರಡು ಕಡೆ.

ಪುಸ್ತಕವನ್ನೇ ಸ್ಕ್ಯಾನ್ ಮಾಡಿ ಪಿಡಿಎಫ್ ಕಳುಹಿಸಿ ಎಂಬ ಒತ್ತಾಯ ಬಂದೇ ಬರುತ್ತದೆ. ನಮ್ಮ ದೇಶದಲ್ಲಿ ಕೃತಿಯ ಹಕ್ಕುಸ್ವಾಮ್ಯ ಲೇಖಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ. ಈ ಲೆಕ್ಕವನ್ನು ನಮ್ಮವರ ಮೇಲೆಯೇ ಹಾಕಿ ನೋಡಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು, ಅವರ ಬರಹಗಳು ಎಂದೋ ಮುಕ್ತವಾಗಿವೆ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡದ್ದರಿಂದ ಅವರ ಜೀವಿತಕಾಲದಲ್ಲಿ ಪ್ರಕಟವಾದವು 2024ರ ಜನವರಿ 1ರಿಂದ ಮುಕ್ತ. 1997ರಲ್ಲಿ ತೀರಿಕೊಂಡ ಕಾರಂತರ ಕೃತಿಗಳು 2057ರ ಕೊನೆಯವರೆಗೂ ಹಕ್ಕಿಗೆ ಒಳಪಟ್ಟಿವೆ. ಹಾಗಾಗಿ ಬೇಡಿಕೆ ಬಂದಾಗ ನಾನು ಮೊದಲು ಕೇಳುವುದು ‘ಯಾರು ಬರೆದದ್ದು, ಅವರು ಯಾವಾಗ ತೀರಿಹೋದರು?’ ಎಂದು. ಕೇಳಿಸಿಕೊಂಡವರು ಒಮ್ಮೆ ಬೆಚ್ಚಿ ಬೀಳುತ್ತಾರೆ.

ವಿಕಿಪೀಡಿಯವನ್ನು ಗ್ರಂಥಾಲಯದ ಕೆಲಸವೆಂದು ಬಹಳ ಮಂದಿ ಎಣಿಸುವುದಿಲ್ಲ, ನನ್ನ ಅಭಿಪ್ರಾಯದಲ್ಲಿ ನಮಗೆ ಅತ್ಯಂತ ಹತ್ತಿರದ್ದು ಅದೇ. ಕನ್ನಡ ವಿಕಿಪೀಡಿಯ 2003ರಿಂದ, ತುಳು ವಿಕಿಪೀಡಿಯ 2016ರಿಂದ ನಡೆಯುತ್ತಿವೆ. ಅಲ್ಲಿನ ಲೇಖನಗಳಿಗೆ ಬೇಕಾದದ್ದು ಆಧಾರ, ಆಧಾರವಿರುವುದು ನಮ್ಮ ಕಪಾಟಿನಲ್ಲಿ. ಹೊಸ ಲೇಖನ ಬರೆಯಲು ಹೋಗಬೇಡಿ. ನಿಮ್ಮ ಊರಿನ ಬಗ್ಗೆ ಇರುವ ಲೇಖನವನ್ನು ತೆರೆದು, ಆಧಾರವಿಲ್ಲದ ಒಂದು ವಾಕ್ಯವನ್ನು ಹುಡುಕಿ, ಅದಕ್ಕೆ ನಿಮ್ಮಲ್ಲಿರುವ ಪುಸ್ತಕದ ಪುಟ ಸಂಖ್ಯೆಯನ್ನು ಸೇರಿಸಿ. ನಾನು ಮೊದಲು ಮಾಡಿದ್ದು ಮಂಗಳೂರಿನಲ್ಲಿ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು ಆರಂಭಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆಗೆ ಸಂಬಂಧಿಸಿದ ಒಂದು ವಾಕ್ಯಕ್ಕೆ. ಹತ್ತು ನಿಮಿಷದ ಕೆಲಸಕ್ಕೆ ಒಂದು ಮಧ್ಯಾಹ್ನ ಹಿಡಿಯಿತು, ಯಾಕೆಂದರೆ ಪುಟ ಸಂಖ್ಯೆ ಹುಡುಕಲು ಕುಳಿತವಳು ಪುಸ್ತಕ ಓದುತ್ತಾ ಉಳಿದೆ.

ಹದಿನೈದು ದಿನಕ್ಕೊಮ್ಮೆ ಅರ್ಧ ಪುಟ

ನಮ್ಮ ಗ್ರಂಥಾಲಯಕ್ಕೆ ಸೋಮವಾರ ರಜೆ. ಎರಡು ವಾರಕ್ಕೊಮ್ಮೆ ಭಾನುವಾರ ಬಾಗಿಲು ಹಾಕುವ ಮುನ್ನ ಅರ್ಧ ಪುಟ ಬರೆಯುತ್ತೇನೆ. ಯಾವ ಪ್ರಶ್ನೆಗಾಗಿ ಈ ಸಾಧನವನ್ನು ಹಿಡಿದೆ, ಆ ಪ್ರಶ್ನೆ ಈ ಹದಿನೈದು ದಿನಗಳಲ್ಲಿ ಕಡಿಮೆಯಾಯಿತೇ, ನನಗೆ ದಿನಕ್ಕೆ ಎಷ್ಟು ನಿಮಿಷ ಹಿಡಿಯಿತು, ಯಾರಿಗೆ ಇದರಿಂದ ತೊಂದರೆಯಾಯಿತು, ಯಾರು ಹೊರಗುಳಿದರು. ಕೊನೆಯ ಪ್ರಶ್ನೆಯನ್ನು ನಾನು ಮೊದಲ ವರ್ಷ ಬರೆಯುತ್ತಿರಲಿಲ್ಲ. ಕೀಪ್ಯಾಡ್ ಫೋನ್ ಇಟ್ಟುಕೊಂಡಿರುವ ಹಿರಿಯರು, ಮನೆಯಲ್ಲಿ ಒಂದೇ ಮೊಬೈಲ್ ಇರುವ ಹೆಂಗಸರು ಚಾನೆಲ್ಲಿನ ಸುದ್ದಿಯನ್ನು ಕಾಣುವುದಿಲ್ಲ. ಅವರಿಗಾಗಿ ಕಪ್ಪು ಹಲಗೆ ಉಳಿದಿದೆ, ಮಳೆಯ ರಜೆಯ ದಿನ ಅವರಲ್ಲಿ ಏಳೆಂಟು ಮಂದಿಗೆ ಫೋನ್ ಮಾಡಿಯೇ ಹೇಳುತ್ತೇನೆ. ಲೈಕುಗಳ ಲೆಕ್ಕವನ್ನು ಬರೆಯಬೇಡಿ. ಪುಸ್ತಕದ ಫೋಟೋಗಿಂತ ಅಂಗಳಕ್ಕೆ ಬಂದ ನವಿಲಿನ ಫೋಟೋಗೆ ಯಾವತ್ತೂ ಹೆಚ್ಚು ಬೀಳುತ್ತವೆ.

ಮೂರು ಸಲ ಬರೆದ ಮೇಲೂ ‘ಪ್ರಶ್ನೆ ಕಡಿಮೆಯಾಗಲಿಲ್ಲ’ ಎಂದೇ ಬಂದರೆ ಆ ಸಾಧನವನ್ನು ಮುಚ್ಚಿ. ಮುಚ್ಚುವುದಕ್ಕೂ ಕ್ರಮವಿದೆ: ಅದರಲ್ಲಿರುವ ಫೋಟೋ, ಪಟ್ಟಿಗಳ ಪ್ರತಿಯನ್ನು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿಡಿ, ಇನ್ನು ಮುಂದೆ ಎಲ್ಲಿ ಸಿಗುತ್ತೇವೆಂಬುದನ್ನು ಕೊನೆಯ ಸಂದೇಶವಾಗಿ ಹಾಕಿ ಒಂದು ತಿಂಗಳು ಬಿಡಿ, ಆಮೇಲೆ ಅಳಿಸಿ. ನಮ್ಮ ಫೇಸ್‌ಬುಕ್ ಪುಟ ಹೀಗೆಯೇ ಕೊನೆಗೊಂಡಿತು. ನೋಟು ಪುಸ್ತಕದಲ್ಲಿ ಅದರ ಎದುರು ತಾರೀಕು ಹಾಕಿ ‘ಮುಚ್ಚಿದೆ’ ಎಂದು ಕೆಂಪು ಶಾಯಿಯಲ್ಲಿ ಬರೆದೆ, ಹರಿದುಹೋದ ಪುಸ್ತಕವನ್ನು, ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ಆಕ್ಸೆಷನ್ ರಿಜಿಸ್ಟರಿನಿಂದ ತೆಗೆಯುವಾಗ ಬರೆಯುವ ಹಾಗೆ.